ಬಂಗುಡೆ ಅಗ್ಗವಾದರೆ ಬೇಡಿಕೆ ರೇಖೆ ಏಕೆ ಸರಿಯುವುದಿಲ್ಲ? ದ್ವಿತೀಯ ಪಿಯುಸಿ ಅರ್ಥಶಾಸ್ತ್ರವನ್ನು ಅರ್ಥ ಮಾಡಿಕೊಂಡು ಓದುವ ಬಗೆ

ಪ್ರಶ್ನೆ: ವಾಣಿಜ್ಯ ವಿದ್ಯಾರ್ಥಿನಿ, ಮಲ್ಪೆ

ಎಲ್ಲರಿಗೂ ನಮಸ್ಕಾರ. ನಾನು ದ್ವಿತೀಯ ಪಿಯುಸಿಯಲ್ಲಿ ಇತಿಹಾಸ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ ಮತ್ತು ಲೆಕ್ಕಶಾಸ್ತ್ರ ಓದುತ್ತಿದ್ದೇನೆ. ಹತ್ತನೆಯ ತರಗತಿಯವರೆಗೆ ಊರಿನ ಕನ್ನಡ ಶಾಲೆಯಲ್ಲಿ ಕಲಿತವಳು. ಈಗ ಪಾಠಗಳೆಲ್ಲ ಇಂಗ್ಲಿಷಿನಲ್ಲಿ ನಡೆಯುತ್ತವೆ. ಲೆಕ್ಕಶಾಸ್ತ್ರ ನನಗೆ ಕಷ್ಟವೆನಿಸಿಲ್ಲ, ಏಕೆಂದರೆ ಎರಡು ಕಡೆಯ ಮೊತ್ತ ತಾಳೆಯಾದರೆ ಸರಿ, ಆಗದಿದ್ದರೆ ಎಲ್ಲೋ ತಪ್ಪಿದೆ ಎಂಬುದು ಅಲ್ಲೇ ಗೊತ್ತಾಗುತ್ತದೆ. ಅರ್ಥಶಾಸ್ತ್ರದಲ್ಲಿ ಮಾತ್ರ ನಾನು ಬರೆದದ್ದು ಸರಿಯೋ ತಪ್ಪೋ ಎಂಬುದು ಉತ್ತರ ಪತ್ರಿಕೆ ಕೈಗೆ ಬರುವವರೆಗೂ ತಿಳಿಯುವುದಿಲ್ಲ.

ಈ ಸಲದ ಮಧ್ಯವಾರ್ಷಿಕ ಪರೀಕ್ಷೆಯಲ್ಲಿ ಬೇಡಿಕೆ ರೇಖೆಯ ಮೇಲಿನ ಚಲನೆಗೂ ಬೇಡಿಕೆ ರೇಖೆಯ ಪಲ್ಲಟಕ್ಕೂ (ರೇಖೆಯೇ ಸರಿಯುವುದಕ್ಕೂ) ಇರುವ ವ್ಯತ್ಯಾಸವನ್ನು ಉದಾಹರಣೆ ಕೊಟ್ಟು ವಿವರಿಸಬೇಕಾಗಿತ್ತು. ಬಾಯಿಪಾಠವಾಗಿದ್ದ ವ್ಯಾಖ್ಯೆಗಳನ್ನು ಬರೆದೆ. ಉದಾಹರಣೆಗೆ ನಮ್ಮ ಬಂದರಿನದ್ದನ್ನೇ ತೆಗೆದುಕೊಂಡೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆ 61 ದಿನ ಬಂಗುಡೆ ದುಬಾರಿಯಾಗಿರುತ್ತದೆ, ಆಗಸ್ಟಿನಲ್ಲಿ ದೋಣಿಗಳು ಹೋಗಿಬರಲು ತೊಡಗಿದ ಮೇಲೆ ಅಗ್ಗವಾಗುತ್ತದೆ. "ಅಗ್ಗವಾದ್ದರಿಂದ ಜನ ಹೆಚ್ಚು ಕೊಳ್ಳುತ್ತಾರೆ, ಬೇಡಿಕೆ ಹೆಚ್ಚಾಗುತ್ತದೆ, ಬೇಡಿಕೆ ರೇಖೆ ಬಲಕ್ಕೆ ಪಲ್ಲಟವಾಗುತ್ತದೆ" ಎಂದು ಬರೆದು, ಚಿತ್ರವನ್ನೂ ಬಿಡಿಸಿದೆ. ವ್ಯಾಖ್ಯೆಗಳಿಗೆ ಅಂಕ ಬಂತು. ಉದಾಹರಣೆಯ ಮೇಲೂ ಚಿತ್ರದ ಮೇಲೂ ಕೆಂಪು ಶಾಯಿಯ ಒಂದೇ ಗೆರೆ ಎಳೆದಿತ್ತು. ಹೋಗಿ ಕೇಳಿದಾಗ, ಪಠ್ಯಪುಸ್ತಕದಲ್ಲಿರುವ ಉದಾಹರಣೆಯನ್ನೇ ಬರೆಯಬೇಕು, ಸ್ವಂತದ್ದನ್ನು ತರಬಾರದು ಎಂಬ ಉತ್ತರ ಸಿಕ್ಕಿತು. ತಪ್ಪು ಎಲ್ಲಿದೆ ಎಂಬುದನ್ನು ಯಾರೂ ಹೇಳಲಿಲ್ಲ.

ನನ್ನ ಅಮ್ಮ ಮೀನು ಮಾರುತ್ತಾರೆ. ಆಗಸ್ಟಿನಲ್ಲಿ ಜನ ಹೆಚ್ಚು ಕೊಳ್ಳುತ್ತಾರೆ ಎಂಬುದು ನಾನು ಪುಸ್ತಕ ಓದಿ ತಿಳಿದದ್ದಲ್ಲ, ಬುಟ್ಟಿ ಬೇಗ ಖಾಲಿಯಾಗುವುದನ್ನು ನೋಡಿ ತಿಳಿದದ್ದು. ಹೀಗಿರುವಾಗ ಅದು ತಪ್ಪು ಹೇಗಾಯಿತು? ಈ ವಿಷಯವನ್ನು ಅರ್ಥ ಮಾಡಿಕೊಂಡು ಓದುವ ದಾರಿ ಇದೆಯೇ, ಅಥವಾ ನೋಟ್ಸನ್ನು ಅಕ್ಷರಶಃ ಕಂಠಪಾಠ ಮಾಡುವುದೇ ಕ್ಷೇಮವೇ? ಕನ್ನಡದ ಪಠ್ಯಪುಸ್ತಕವನ್ನೂ ಜೊತೆಗಿಟ್ಟುಕೊಂಡು ಓದಿದರೆ ಗೊಂದಲ ಹೆಚ್ಚಾದೀತೇ ಎಂಬ ಭಯವೂ ಇದೆ. ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ: ನಿವೃತ್ತ ಉಪನ್ಯಾಸಕಿ, ಮಂಗಳೂರು

ನೀನು ಕಣ್ಣಾರೆ ಕಂಡದ್ದು ಪೂರ್ತಿ ಸರಿ; ಅದಕ್ಕೆ ಇಟ್ಟ ಹೆಸರು ಮಾತ್ರ ತಪ್ಪು. ಮೂವತ್ತು ವರ್ಷ ಪಾಠ ಹೇಳಿದ ನನಗೆ ಈ ತಪ್ಪು ಬಹಳ ಪರಿಚಿತ, ಮತ್ತು ಇದು ಓದದವರು ಮಾಡುವ ತಪ್ಪಲ್ಲ, ಸುತ್ತಲಿನದನ್ನು ಗಮನಿಸುವವರು ಮಾಡುವ ತಪ್ಪು. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ತೊಡಕಿರುವುದು "ಬೇಡಿಕೆ" ಎಂಬ ಪದದಲ್ಲಿ. ಮಾರುಕಟ್ಟೆಯಲ್ಲಿ ನಿಂತು ಮಾತಾಡುವಾಗ ಜನ ಎಷ್ಟು ಕೊಂಡರೋ ಅದನ್ನೇ ನಾವು ಬೇಡಿಕೆ ಎನ್ನುತ್ತೇವೆ. ಅರ್ಥಶಾಸ್ತ್ರದಲ್ಲಿ ಅದಕ್ಕೆ ಬೇಡಿಕೆಯ ಪ್ರಮಾಣ ಎಂದು ಹೆಸರು. ಬೇಡಿಕೆ ಎಂದರೆ ಒಂದು ಸಂಖ್ಯೆಯಲ್ಲ, ಇಡೀ ಒಂದು ಪಟ್ಟಿ. ನಿನ್ನ ಅಮ್ಮನ ಬಳಿ ಖಾಯಂ ಆಗಿ ಮೀನು ಕೊಳ್ಳುವ ಒಂದು ಮನೆಯನ್ನು ನೆನಪಿಸಿಕೋ. ಕಿಲೋಗೆ 300 ರೂಪಾಯಿ ಇದ್ದರೆ ಅವರು ಅರ್ಧ ಕಿಲೋ ಕೊಳ್ಳುವವರು, 200 ಇದ್ದರೆ ಒಂದು ಕಿಲೋ, 100ಕ್ಕೆ ಇಳಿದರೆ ಒಂದೂವರೆ ಕಿಲೋ ಎಂದಿಟ್ಟುಕೊಳ್ಳೋಣ. ಇವು ಲೆಕ್ಕಕ್ಕಾಗಿ ಹಾಕಿಕೊಂಡ ಸಂಖ್ಯೆಗಳು. ಈ ಮೂರು ಸಾಲಿನ ಪಟ್ಟಿ ಜುಲೈ ತಿಂಗಳಲ್ಲೂ ಆ ಮನೆಯವರ ಮನಸ್ಸಿನಲ್ಲಿತ್ತು, ಆಗಸ್ಟಿನಲ್ಲೂ ಇತ್ತು. ಪಟ್ಟಿ ಬದಲಾಗಲಿಲ್ಲ. ಬೆಲೆ ಇಳಿದದ್ದರಿಂದ ಅವರು ಅದೇ ಪಟ್ಟಿಯ ಮೊದಲ ಸಾಲಿನಿಂದ ಮೂರನೆಯ ಸಾಲಿಗೆ ಬಂದರು, ಅಷ್ಟೇ. ಪಟ್ಟಿಯನ್ನು ಚಿತ್ರವಾಗಿ ಬಿಡಿಸಿದರೆ ಅದೇ ಬೇಡಿಕೆ ರೇಖೆ. ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಬಂದದ್ದು ರೇಖೆಯ ಮೇಲಿನ ಚಲನೆ.

ಹಾಗಾದರೆ ಆಗಸ್ಟಿನಲ್ಲಿ ನಿಜವಾಗಿ ಬದಲಾದದ್ದು ಯಾವುದು? ಪೂರೈಕೆ. ದೋಣಿಗಳು ಇಳಿದವು, ಪೂರೈಕೆ ರೇಖೆ ಬಲಕ್ಕೆ ಪಲ್ಲಟವಾಯಿತು, ಎರಡು ರೇಖೆಗಳು ಸೇರುವ ಹೊಸ ಸಮತೋಲನ ಬಿಂದು ಹಳೆಯ ಬೇಡಿಕೆ ರೇಖೆಯ ಮೇಲೆಯೇ ಕೆಳಗೆ ಬಂದು ನಿಂತಿತು. ನೀನು ಬಿಡಿಸಿದ ಬಾಣ ಸರಿಯಾದ ದಿಕ್ಕಿಗೇ ಇತ್ತು, ತಪ್ಪು ರೇಖೆಯ ಮೇಲಿತ್ತು.

ಬೇಡಿಕೆಯ ಪಟ್ಟಿಯೇ ಬದಲಾಗಬೇಕಾದರೆ ಮೀನಿನ ಬೆಲೆಯ ಹೊರಗಿನ ಯಾವುದೋ ಒಂದು ಬದಲಾಗಬೇಕು: ಮನೆಯ ಆದಾಯ, ಬದಲಿ ಸರಕಿನ ಬೆಲೆ, ಅಭಿರುಚಿ, ಕೊಳ್ಳುವವರ ಸಂಖ್ಯೆ. ಇದಕ್ಕೂ ನಿನ್ನದೇ ಉದಾಹರಣೆ ಸಾಕು. ಜುಲೈಯಲ್ಲಿ ಬಂಗುಡೆ ದುಬಾರಿಯಾದಾಗ ಅನೇಕರು ಕೋಳಿ ಅಂಗಡಿಯ ಕಡೆ ತಿರುಗುತ್ತಾರೆ. ಕೋಳಿಯ ಬೆಲೆ ಹಿಂದಿನಷ್ಟೇ ಇದ್ದರೂ ಕೊಳ್ಳುವ ಪ್ರಮಾಣ ಹೆಚ್ಚಾಗುತ್ತದೆ, ಅಂದರೆ ಕೋಳಿಯ ಬೇಡಿಕೆ ರೇಖೆ ಬಲಕ್ಕೆ ಪಲ್ಲಟವಾಗುತ್ತದೆ. ಮೀನಿನಲ್ಲಿ ಚಲನೆ, ಕೋಳಿಯಲ್ಲಿ ಪಲ್ಲಟ. ಒಂದೇ ಮಳೆಗಾಲ ಎರಡನ್ನೂ ತೋರಿಸಿಕೊಡುತ್ತದೆ. ಹೀಗೆ ಬರೆದಿದ್ದರೆ ಯಾವ ಮೌಲ್ಯಮಾಪಕರೂ ಅದರ ಮೇಲೆ ಗೆರೆ ಎಳೆಯುತ್ತಿರಲಿಲ್ಲ.

ನನ್ನ ವಿದ್ಯಾರ್ಥಿಗಳಿಗೆ ನಾನು ಒಂದು ಅಭ್ಯಾಸ ಮಾಡಿಸುತ್ತಿದ್ದೆ. ಚಿತ್ರ ಬಿಡಿಸುವ ಮೊದಲು ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಎರಡು ಮಾತು ಬರೆಯಬೇಕು: ಏನು ಬದಲಾಯಿತು, ಯಾವುದು ಇದ್ದ ಹಾಗೆಯೇ ಇದೆ. ಬದಲಾದದ್ದು ಚಿತ್ರದ ಅಕ್ಷದ ಮೇಲೆಯೇ ಇರುವ ಸಂಗತಿಯಾದರೆ, ಅಂದರೆ ಆ ಸರಕಿನ ಸ್ವಂತ ಬೆಲೆಯಾದರೆ, ರೇಖೆಯ ಮೇಲೆ ಚಲಿಸು. ಅಕ್ಷಗಳ ಮೇಲೆ ಇಲ್ಲದ ಸಂಗತಿಯಾದರೆ ರೇಖೆಯನ್ನೇ ಸರಿಸು. "ಇತರ ಅಂಶಗಳು ಸ್ಥಿರವಾಗಿದ್ದಾಗ" ಎಂದು ಎಲ್ಲ ವ್ಯಾಖ್ಯೆಗಳ ಆರಂಭದಲ್ಲಿ ನೀವು ಅಭ್ಯಾಸಬಲದಿಂದ ಬರೆಯುವ ಮಾತಿನ ನಿಜವಾದ ಕೆಲಸ ಇದೇ. ಅದನ್ನು ಅಲಂಕಾರದ ಮಾತೆಂದು ತಿಳಿದವರಿಗೆ ಅರ್ಥಶಾಸ್ತ್ರ ಕೊನೆಯವರೆಗೂ ಬಾಯಿಪಾಠವಾಗಿಯೇ ಉಳಿಯುತ್ತದೆ.

ಅಕ್ಷದ ಮಾತು ಬಂದದ್ದರಿಂದ ಇನ್ನೊಂದು ವಿಷಯ. ಗಣಿತದಲ್ಲಿ ಕಾರಣವಾದದ್ದನ್ನು ಅಡ್ಡ ಅಕ್ಷದಲ್ಲಿಯೂ ಪರಿಣಾಮವನ್ನು ಲಂಬ ಅಕ್ಷದಲ್ಲಿಯೂ ಇಡುತ್ತಾರೆ. ನಮ್ಮಲ್ಲಿ ಬೆಲೆ ಕಾರಣ, ಪ್ರಮಾಣ ಪರಿಣಾಮ, ಆದರೂ ಬೆಲೆಯನ್ನು ಲಂಬ ಅಕ್ಷದಲ್ಲಿ ಇಡುತ್ತೇವೆ. ಇದು ಆಲ್ಫ್ರೆಡ್ ಮಾರ್ಷಲ್ ಅವರಿಂದ ಗಟ್ಟಿಯಾದ ಪದ್ಧತಿ. ಗಣಿತ ಚೆನ್ನಾಗಿ ಬಲ್ಲ ಮಕ್ಕಳು ಇಲ್ಲಿ ಎಡವುವುದನ್ನು ನಾನು ಹಲವು ಬಾರಿ ನೋಡಿದ್ದೇನೆ. ಅದು ಅವರ ದಡ್ಡತನವಲ್ಲ.

ಇಷ್ಟು ಗಟ್ಟಿಯಾದ ಮೇಲೆ ಸ್ವಲ್ಪ ಕಠಿಣವಾದದ್ದನ್ನು ನೀನೇ ಪ್ರಯತ್ನಿಸು. ಚೌತಿಯ ಆಸುಪಾಸಿನಲ್ಲಿ ದೋಣಿಗಳು ಮೀನು ತರುತ್ತಲೇ ಇರುತ್ತವೆ, ಆದರೆ ಅನೇಕ ಮನೆಗಳಲ್ಲಿ ಆ ದಿನಗಳಲ್ಲಿ ಮೀನು ಮಾಡುವುದಿಲ್ಲ. ಜುಲೈಗೆ ಹೋಲಿಸಿದರೆ ಪೂರೈಕೆ ರೇಖೆ ಬಲಕ್ಕೆ, ಬೇಡಿಕೆ ರೇಖೆ ಎಡಕ್ಕೆ. ಬೆಲೆ ಇಳಿಯುತ್ತದೆ ಎಂದು ಖಚಿತವಾಗಿ ಹೇಳಬಹುದು. ಆದರೆ ಮಾರಾಟವಾಗುವ ಪ್ರಮಾಣ ಹೆಚ್ಚುತ್ತದೆಯೋ ಕಡಿಮೆಯಾಗುತ್ತದೆಯೋ ಎಂಬುದು ಯಾವ ರೇಖೆ ಹೆಚ್ಚು ಸರಿಯಿತು ಎಂಬುದರ ಮೇಲೆ ನಿಂತಿದೆ. ಒಮ್ಮೆ ಪೂರೈಕೆಯನ್ನು ಹೆಚ್ಚು ಸರಿಸಿ, ಇನ್ನೊಮ್ಮೆ ಬೇಡಿಕೆಯನ್ನು ಹೆಚ್ಚು ಸರಿಸಿ ಎರಡು ಚಿತ್ರ ಬಿಡಿಸು. ಪಠ್ಯಪುಸ್ತಕದ ಏಕಕಾಲಿಕ ಪಲ್ಲಟಗಳ ಕೋಷ್ಟಕವನ್ನು ಅನಂತರ ಬಾಯಿಪಾಠ ಮಾಡುವ ಅಗತ್ಯವೇ ಬೀಳುವುದಿಲ್ಲ.

ಕನ್ನಡ ಪಠ್ಯಪುಸ್ತಕವನ್ನು ಖಂಡಿತ ಇಟ್ಟುಕೋ. ಮಂಡಳಿಯ ಪ್ರಶ್ನೆಪತ್ರಿಕೆ ಕನ್ನಡ, ಇಂಗ್ಲಿಷ್ ಎರಡರಲ್ಲೂ ಇರುತ್ತದೆ. ಒಂದು ಭಾಷೆಯ ಪ್ರಶ್ನೆ ಮಸುಕಾಗಿ ಕಂಡರೆ ಇನ್ನೊಂದನ್ನು ಓದಿ ಖಚಿತ ಮಾಡಿಕೊಳ್ಳಬಹುದು. ಕೆಲವು ಪದಗಳಂತೂ ಕನ್ನಡದಲ್ಲಿಯೇ ಹೆಚ್ಚು ತೆರೆದುಕೊಳ್ಳುತ್ತವೆ. "ಮಾರ್ಜಿನಲ್ ಯುಟಿಲಿಟಿ" ಎಂದಾಗ ಏನೂ ಹೊಳೆಯದ ಹುಡುಗರಿಗೆ "ಸೀಮಾಂತ" ಎಂಬುದನ್ನು ಬಿಡಿಸಿ, ಸೀಮೆಯ ಅಂಚು, ಕೊನೆಗೆ ಸೇರಿದ ಒಂದು ಘಟಕ ಎಂದು ಹೇಳಿದರೆ ಅರ್ಧ ಪಾಠ ಮುಗಿದ ಹಾಗೆ. ಸಂಜೆ ಹಸಿದು ಬಂದವನು ತಿನ್ನುವ ಗೋಳಿಬಜೆಯನ್ನು ತೆಗೆದುಕೋ. ಒಂದು ತಿಂದಾಗ ಒಟ್ಟು ತುಷ್ಟಿಗುಣ, ಅಂದರೆ ಸಿಗುವ ತೃಪ್ತಿ, 12, ಎರಡಕ್ಕೆ 20, ಮೂರಕ್ಕೆ 25, ನಾಲ್ಕಕ್ಕೆ 27, ಐದಕ್ಕೂ 27. ಹಾಗಾದರೆ ಸೀಮಾಂತ ತುಷ್ಟಿಗುಣ 12, 8, 5, 2, 0. ಐದನೆಯದು ಅವನಿಗೆ ಏನನ್ನೂ ಕೂಡಿಸಲಿಲ್ಲ, ಮತ್ತು ಒಟ್ಟು ತುಷ್ಟಿಗುಣ ಗರಿಷ್ಠವಾದದ್ದೂ ಅಲ್ಲಿಯೇ. ಮುಂದೆ ಸೀಮಾಂತ ವೆಚ್ಚ, ಸೀಮಾಂತ ಆದಾಯ, ಸೀಮಾಂತ ಅನುಭೋಗ ಪ್ರವೃತ್ತಿ ಎಂದು ಏನೇ ಬಂದರೂ ಕೇಳಬೇಕಾದ ಪ್ರಶ್ನೆ ಒಂದೇ: ಒಂದು ಘಟಕ ಹೆಚ್ಚಾದಾಗ ಒಟ್ಟಿನಲ್ಲಿ ಎಷ್ಟು ಬದಲಾಯಿತು?

ಉತ್ತರ: ಎಂ.ಎ. ಅರ್ಥಶಾಸ್ತ್ರ ವಿದ್ಯಾರ್ಥಿ, ಕೊಣಾಜೆ

ಮೇಡಂ ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಒಂದು ಎಚ್ಚರಿಕೆಯನ್ನು ಸೇರಿಸಬೇಕೆನಿಸುತ್ತದೆ. ಊರಿನ ಉದಾಹರಣೆ ಹತ್ತಿರದ್ದು ಎಂಬ ಕಾರಣಕ್ಕೆ ಸರಿಯಾದದ್ದು ಆಗಿಬಿಡುವುದಿಲ್ಲ. ನಾನು ಪುತ್ತೂರಿನ ಕಡೆಯ ಅಡಿಕೆ ತೋಟದ ಮನೆಯವನು. ಪಿಯುಸಿಯಲ್ಲಿ ಬೆಂಬಲ ಬೆಲೆಯ ಬಗ್ಗೆ ಪ್ರಶ್ನೆ ಬಂದಾಗ ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು ಉದಾಹರಣೆಯಾಗಿ ಬರೆದು ಅಂಕ ಕಳೆದುಕೊಂಡವನು. 2023ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಅದನ್ನು ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿದಾಗ ನಮ್ಮ ಮನೆಯಲ್ಲಿ ಎಲ್ಲರೂ ಅದನ್ನೇ ಮಾತಾಡುತ್ತಿದ್ದರು, ಹಾಗಾಗಿ ಅದೇ ಬೆಂಬಲ ಬೆಲೆ ಎಂದು ನಾನು ನಂಬಿದ್ದೆ. ವಾಸ್ತವದಲ್ಲಿ ಎರಡೂ ಬೇರೆ. ಬೆಂಬಲ ಬೆಲೆಯಲ್ಲಿ ದೇಶದೊಳಗಿನ ಬೆಲೆಯನ್ನೇ ಸಮತೋಲನ ಬೆಲೆಗಿಂತ ಮೇಲೆ ಹಿಡಿದು ನಿಲ್ಲಿಸುತ್ತಾರೆ. ಹೆಚ್ಚುವರಿ ಪೂರೈಕೆ ಉಳಿಯುತ್ತದೆ, ಅದನ್ನು ಯಾರಾದರೂ ಕೊಳ್ಳಲೇಬೇಕಾಗುತ್ತದೆ. ಕನಿಷ್ಠ ಆಮದು ಬೆಲೆ ಹಾಗಲ್ಲ. ಅದಕ್ಕಿಂತ ಕಡಿಮೆ ಬೆಲೆಯ ಅಡಿಕೆ ಹೊರಗಿನಿಂದ ಬರದಂತೆ ಅದು ತಡೆಯುತ್ತದೆ, ಅಂದರೆ ಒಟ್ಟು ಪೂರೈಕೆ ರೇಖೆಯನ್ನು ಎಡಕ್ಕೆ ಸರಿಸುತ್ತದೆ, ಬೆಲೆಯನ್ನು ಮಾರುಕಟ್ಟೆಗೇ ಬಿಡುತ್ತದೆ. "ಏನು ಬದಲಾಯಿತು" ಎಂಬ ಮೇಡಂ ಅವರ ಪ್ರಶ್ನೆಯನ್ನು ಅಂದು ನಾನು ಕೇಳಿಕೊಂಡಿದ್ದರೆ ಈ ತಪ್ಪು ಆಗುತ್ತಿರಲಿಲ್ಲ.

ಪೂರ್ಣ ಪೈಪೋಟಿಯ (ಕೊಳ್ಳುವವರೂ ಮಾರುವವರೂ ಬಹಳ ಮಂದಿ ಇದ್ದು, ಯಾರೊಬ್ಬರೂ ಬೆಲೆಯನ್ನು ನಿರ್ಧರಿಸಲಾಗದ ಮಾರುಕಟ್ಟೆಯ) ಅಧ್ಯಾಯಕ್ಕೆ ಹೋದಾಗ ನಿಮಗೆ ಶಂಕರಪುರದ ಮಲ್ಲಿಗೆ ತುಂಬ ಉಪಯೋಗಕ್ಕೆ ಬರುತ್ತದೆ. ಅಲ್ಲಿ ಮನೆಯಂಗಳದಲ್ಲಿ ಹತ್ತಿಪ್ಪತ್ತು ಗಿಡ ಬೆಳೆಸಿ, ಬೆಳಿಗ್ಗೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ ಕೊಡುವವರು ಬಹಳ ಮಂದಿ. ಅವರಲ್ಲಿ ಯಾರೂ ದರವನ್ನು ತಾವಾಗಿ ನಿರ್ಧರಿಸುವುದಿಲ್ಲ. ಅಟ್ಟೆಗೆ (ನಾಲ್ಕು ಚೆಂಡು ಹೂವಿಗೆ) ಇಂದು ಎಷ್ಟು ಎಂದು ಕೇಳಿ ತಿಳಿಯುತ್ತಾರೆ, ಆ ದರಕ್ಕೆ ತಮ್ಮಲ್ಲಿರುವಷ್ಟನ್ನೂ ಕೊಡುತ್ತಾರೆ. ಒಬ್ಬರು ಒಂದು ಚೆಂಡು ಹೆಚ್ಚು ತಂದದ್ದರಿಂದ ಆ ದಿನದ ದರ ಇಳಿಯುವುದಿಲ್ಲ. ಪಠ್ಯದಲ್ಲಿ "ಬೆಲೆ ಸ್ವೀಕರಿಸುವವರು" ಎಂದಿರುವುದರ ಅರ್ಥ ಇಷ್ಟೇ. ಇಡೀ ಮಾರುಕಟ್ಟೆಯ ಬೇಡಿಕೆ ರೇಖೆ ಇಳಿಜಾರಾಗಿದ್ದರೂ ಆ ಒಬ್ಬ ಬೆಳೆಗಾರರ ಎದುರಿಗಿರುವ ಬೇಡಿಕೆ ರೇಖೆ ಅಡ್ಡಲಾಗಿ ನೇರವಾಗಿರುವುದು ಏಕೆ, ಬೆಲೆ, ಸರಾಸರಿ ಆದಾಯ, ಸೀಮಾಂತ ಆದಾಯ ಮೂರೂ ಒಂದೇ ಆಗುವುದು ಏಕೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಆದರೆ ಕೊಳ್ಳುವ ವ್ಯಾಪಾರಿಗಳ ಸಂಖ್ಯೆ ಬೆಳೆಗಾರರ ಸಂಖ್ಯೆಯ ಮುಂದೆ ಕಡಿಮೆ. ಆದ್ದರಿಂದ ಮಲ್ಲಿಗೆ ಮಾರುಕಟ್ಟೆ ಪೂರ್ಣ ಪೈಪೋಟಿಯ ಮಾರುಕಟ್ಟೆ ಎಂದು ಬರೆಯಬೇಡಿ. ಬೆಳೆಗಾರ ಬೆಲೆ ಸ್ವೀಕರಿಸುವವನು ಎಂಬಷ್ಟಕ್ಕೆ ನಿಲ್ಲಿಸಿ.

ಅದೇ ಅಧ್ಯಾಯದಲ್ಲಿ ಉತ್ಪಾದನೆ ನಿಲ್ಲಿಸುವ ಬಿಂದುವಿನ ವಿಷಯ ಬರುತ್ತದೆ, ಅದಕ್ಕೆ ನಿಮ್ಮ ಬಂದರಿಗಿಂತ ಒಳ್ಳೆಯ ಪ್ರಯೋಗಶಾಲೆ ಇಲ್ಲ. ಮತ್ಸ್ಯಕ್ಷಾಮ ಬಂದಾಗ ನಿಷೇಧ ಇಲ್ಲದಿದ್ದರೂ ಎಷ್ಟೋ ದೋಣಿಗಳು ದಕ್ಕೆಯಲ್ಲೇ ಲಂಗರು ಹಾಕಿ ನಿಲ್ಲುತ್ತವೆ. ಕಡಲಿಗೆ ಹೋದರೂ ಹೋಗದಿದ್ದರೂ ದೋಣಿಯ ಸಾಲದ ಕಂತು ಕಟ್ಟಲೇಬೇಕು, ಅದು ಸ್ಥಿರ ವೆಚ್ಚ. ಡೀಸೆಲ್, ಐಸ್, ಊಟದ ಸಾಮಾನು ಹೋದರೆ ಮಾತ್ರ ಬೀಳುವ ಬದಲಾಗುವ ವೆಚ್ಚ. ಹಿಡಿದ ಮೀನಿನಿಂದ ಡೀಸೆಲಿನ ಹಣವೂ ಹುಟ್ಟದಿದ್ದರೆ ನಿಲ್ಲಿಸುವುದೇ ಕಡಿಮೆ ನಷ್ಟ. ಡೀಸೆಲ್ ಹುಟ್ಟಿ ಕಂತಿನ ಒಂದು ಭಾಗವಾದರೂ ಬರುವಂತಿದ್ದರೆ ನಷ್ಟದಲ್ಲಿಯೂ ಹೋಗುವುದೇ ಲೇಸು. ನಿಮ್ಮ ಊರಿನ ದೋಣಿ ಮಾಲೀಕರು ಪ್ರತಿ ವರ್ಷ ಈ ಲೆಕ್ಕವನ್ನು ಮಾಡಿಯೇ ನಿರ್ಧರಿಸುತ್ತಾರೆ.

ಸ್ಥಿತಿಸ್ಥಾಪಕತ್ವದ (ಬೆಲೆ ಶೇಕಡಾ ಒಂದು ಬದಲಾದರೆ ಪ್ರಮಾಣ ಶೇಕಡಾ ಎಷ್ಟು ಬದಲಾಗುತ್ತದೆ ಎಂಬುದರ) ಲೆಕ್ಕದ ಬಗ್ಗೆಯೂ ಹೇಳಬೇಕು, ಏಕೆಂದರೆ ಅಲ್ಲಿ ನಾನು ಒಂದು ವಾರ ಒದ್ದಾಡಿದ್ದೆ. ಮದುವೆಯ ದಿನಗಳಲ್ಲಿ ಮಲ್ಲಿಗೆ ಚೆಂಡಿಗೆ 200ರಿಂದ 300 ರೂಪಾಯಿ ಆಯಿತು, ಒಬ್ಬರು ಕೊಳ್ಳುವುದು 10 ಚೆಂಡಿನಿಂದ 8ಕ್ಕೆ ಇಳಿಯಿತು ಎಂದುಕೊಳ್ಳಿ. ಪ್ರಮಾಣ ಶೇಕಡಾ 20 ಇಳಿಯಿತು, ಬೆಲೆ ಶೇಕಡಾ 50 ಏರಿತು. ಋಣ ಚಿಹ್ನೆ ಬಿಟ್ಟರೆ ಉತ್ತರ 0.4. ಈಗ ಅದೇ ದಾರಿಯಲ್ಲಿ ಹಿಂದಕ್ಕೆ ಬನ್ನಿ. 300ರಿಂದ 200ಕ್ಕೆ ಇಳಿದಾಗ ಬೆಲೆಯ ಇಳಿಕೆ ಶೇಕಡಾ 33.3, 8ರಿಂದ 10ಕ್ಕೆ ಏರಿದಾಗ ಪ್ರಮಾಣದ ಏರಿಕೆ ಶೇಕಡಾ 25, ಉತ್ತರ 0.75. ಎರಡೂ ಅವೇ ಬಿಂದುಗಳು, ಉತ್ತರ ಮಾತ್ರ ಬೇರೆ. ನಾನು ಲೆಕ್ಕ ತಪ್ಪಿದೆ ಎಂದು ಮತ್ತೆ ಮತ್ತೆ ಮಾಡಿದೆ. ಲೆಕ್ಕ ತಪ್ಪಿರಲಿಲ್ಲ, ಶೇಕಡಾವಾರು ತೆಗೆಯುವಾಗ ಯಾವುದನ್ನು ಮೂಲವಾಗಿ ಇಟ್ಟೆವೋ ಅದು ಬದಲಾಗಿತ್ತು. ಪರೀಕ್ಷೆಯಲ್ಲಿ ಮೊದಲಿನ ಬೆಲೆ, ಮೊದಲಿನ ಪ್ರಮಾಣಗಳನ್ನೇ ಮೂಲವಾಗಿಟ್ಟು ಮಾಡಿ. ಎರಡು ಉತ್ತರಗಳೂ ಒಂದಕ್ಕಿಂತ ಕಡಿಮೆ ಎಂಬುದನ್ನು ಗಮನಿಸಿ: ಬೆಲೆ ಏರಿದಾಗ ಅವರ ಒಟ್ಟು ಖರ್ಚು 2000ದಿಂದ 2400 ರೂಪಾಯಿಗೆ ಹೋಯಿತು. ಮದುವೆಯ ಮನೆಯಲ್ಲಿ ಮಲ್ಲಿಗೆಗೆ ಬದಲಿ ಇಲ್ಲ. ಬದಲಿ ಇಲ್ಲದ ಸರಕಿನ ಬೇಡಿಕೆ ಹೀಗೆಯೇ ಬಿಗಿಯಾಗಿರುತ್ತದೆ.

ಉತ್ತರ: ನಿವೃತ್ತ ಬ್ಯಾಂಕ್ ನೌಕರ, ಉಡುಪಿ

ಸೂಕ್ಷ್ಮ ಅರ್ಥಶಾಸ್ತ್ರದ ಬಗ್ಗೆ ಬಲ್ಲವರು ಬರೆದಿದ್ದಾರೆ. ಸಮಗ್ರ ಅರ್ಥಶಾಸ್ತ್ರದ ಹಣ ಮತ್ತು ಬ್ಯಾಂಕಿಂಗ್ ಅಧ್ಯಾಯದ ಕುರಿತು ಎರಡು ಮಾತು ಸೇರಿಸುತ್ತೇನೆ, ಏಕೆಂದರೆ ಈ ಜಿಲ್ಲೆಗಳ ಮಕ್ಕಳು ಆ ಅಧ್ಯಾಯಕ್ಕೆ ಹೆದರುವುದು ನನಗೆ ನೋವಿನ ವಿಷಯ. ಕೆನರಾ ಬ್ಯಾಂಕು 1906ರಲ್ಲಿ ಮಂಗಳೂರಿನಲ್ಲಿ, ಕಾರ್ಪೊರೇಷನ್ ಬ್ಯಾಂಕು ಅದೇ ವರ್ಷ ಉಡುಪಿಯಲ್ಲಿ, ಕರ್ನಾಟಕ ಬ್ಯಾಂಕು 1924ರಲ್ಲಿ ಮಂಗಳೂರಿನಲ್ಲಿ, ಸಿಂಡಿಕೇಟ್ ಬ್ಯಾಂಕು 1925ರಲ್ಲಿ ಉಡುಪಿಯಲ್ಲಿ, ವಿಜಯಾ ಬ್ಯಾಂಕು 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದವು. ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಆರಂಭಿಸಿದ ಪಿಗ್ಮಿ ಠೇವಣಿಯಲ್ಲಿ ದಿನಕ್ಕೆ ಎರಡಾಣೆಯಷ್ಟು ಸಣ್ಣ ಹಣವನ್ನೂ ಮನೆ ಬಾಗಿಲಿಗೆ ಹೋಗಿ ಸಂಗ್ರಹಿಸುತ್ತಿದ್ದರು. ನಿಮ್ಮ ಮೀನು ಮಾರುಕಟ್ಟೆಯಲ್ಲಿ ಪಿಗ್ಮಿಯವರು ಈಗಲೂ ಬರುತ್ತಿರಬಹುದು. ಅವರನ್ನೇ ನೋಡಿ ಈ ಪಾಠ ಕಲಿಯಿರಿ.

ನಿಮ್ಮ ತಾಯಿಯವರು 100 ರೂಪಾಯಿಯ ನೋಟನ್ನು ಪಿಗ್ಮಿಗೆ ಕೊಟ್ಟರು ಎಂದುಕೊಳ್ಳಿ. ಆ ನೋಟು ಬ್ಯಾಂಕಿನ ತಿಜೋರಿಗೆ ಹೋದೊಡನೆ ಸಾರ್ವಜನಿಕರ ಕೈಯಲ್ಲಿರುವ ನಗದಿನ ಲೆಕ್ಕದಿಂದ ಹೊರಗಾಯಿತು, ಅದರ ಬದಲಿಗೆ 100 ರೂಪಾಯಿಯ ಠೇವಣಿ ಸೇರಿತು. ಆದ್ದರಿಂದ ಹಣದ ಒಟ್ಟು ಪೂರೈಕೆ ಆ ಕ್ಷಣಕ್ಕೆ ಹೆಚ್ಚೂ ಆಗಲಿಲ್ಲ, ಕಡಿಮೆಯೂ ಆಗಲಿಲ್ಲ. ಠೇವಣಿ ಇಟ್ಟ ಕೂಡಲೇ ಹಣ ಹೆಚ್ಚಾಯಿತು ಎಂದು ಬರೆಯುವವರು ಇಲ್ಲಿಯೇ ತಪ್ಪುತ್ತಾರೆ. ಬ್ಯಾಂಕು ಅದರಲ್ಲಿ 20 ರೂಪಾಯಿ ಮೀಸಲಿಟ್ಟು 80 ರೂಪಾಯಿಯನ್ನು ಬಲೆ ಕೊಳ್ಳುವವರಿಗೆ ಸಾಲ ಕೊಟ್ಟಾಗ, ಬಲೆ ಮಾರಿದವನು ಆ 80ನ್ನು ತನ್ನ ಖಾತೆಗೆ ಕಟ್ಟಿದಾಗ, ಹೊಸ ಠೇವಣಿ ಹುಟ್ಟುತ್ತದೆ. ಆಮೇಲೆ 64, ಆಮೇಲೆ 51.20, ಹೀಗೆ ಮುಂದುವರಿದರೆ ಒಟ್ಟು 500ಕ್ಕೆ ಸಮೀಪಿಸುತ್ತದೆ. ಮೀಸಲು ಅನುಪಾತ ಶೇಕಡಾ 20 ಇದ್ದರೆ ಒಂದನ್ನು 0.2ರಿಂದ ಭಾಗಿಸಿದಾಗ ಬರುವ 5 ಎಂಬ ಗುಣಕ ಇದೇ. ಸೂತ್ರವನ್ನು ಬರೆಯುವ ಮೊದಲು ಮೂರು ಸುತ್ತು ಕೈಯಿಂದ ಬರೆದು ನೋಡಿ. ಸೀಮಾಂತ ಅನುಭೋಗ ಪ್ರವೃತ್ತಿ, ಅಂದರೆ ಹೆಚ್ಚುವರಿ ಆದಾಯದಲ್ಲಿ ಖರ್ಚಾಗುವ ಪಾಲು, 0.8 ಇದ್ದಾಗ ಹೂಡಿಕೆ ಗುಣಕವೂ (ಹೂಡಿಕೆ ಹೆಚ್ಚಾದಾಗ ಆದಾಯ ಅದರ ಎಷ್ಟು ಪಟ್ಟು ಹೆಚ್ಚುತ್ತದೆ ಎಂಬುದು) 5 ಆಗುತ್ತದೆ, ಎರಡರ ಅಂಕಗಣಿತ ಒಂದೇ ರೀತಿ ಕಾಣುತ್ತದೆ. ಆದರೆ ಒಂದರಲ್ಲಿ ಸೋರಿಹೋಗುವುದು ಬ್ಯಾಂಕಿನ ಮೀಸಲು, ಇನ್ನೊಂದರಲ್ಲಿ ಮನೆಯವರ ಉಳಿತಾಯ. ಇವೆರಡನ್ನು ಬೆರೆಸಬೇಡಿ.

ಮರುಪ್ರಶ್ನೆ: ವಾಣಿಜ್ಯ ವಿದ್ಯಾರ್ಥಿನಿ, ಮಲ್ಪೆ

ಮೂವರಿಗೂ ತುಂಬ ಧನ್ಯವಾದಗಳು. ನಿನ್ನೆ ರಾತ್ರಿ ಅದೇ ಪ್ರಶ್ನೆಗೆ ಹೊಸದಾಗಿ ಉತ್ತರ ಬರೆದೆ. ಬಂಗುಡೆಗೆ ಒಂದು ಚಿತ್ರ, ಕೋಳಿಗೆ ಇನ್ನೊಂದು. ಜೂನ್, ಜುಲೈ ತಿಂಗಳಲ್ಲಿ ಮೀನುಗಾರಿಕೆ ಇಲ್ಲದ್ದರಿಂದ ಪೂರೈಕೆ ಸೊನ್ನೆ ಎಂದು ತೋರಿಸಲು ಪೂರೈಕೆ ರೇಖೆಯನ್ನು ಲಂಬ ಅಕ್ಷಕ್ಕೆ ತಾಗಿಸಿ ಬಿಡಿಸಿದ್ದೇನೆ, ಆಗಸ್ಟಿನದನ್ನು ಬಲಕ್ಕೆ. ಇದು ಸರಿಯೇ?

ಇನ್ನೊಂದು ಸಂದೇಹ. ನನ್ನ ಮಾವ ಎಂಟು ವರ್ಷಗಳಿಂದ ಕುವೈತಿನಲ್ಲಿ ಕೆಲಸದಲ್ಲಿದ್ದಾರೆ, ಪ್ರತಿ ತಿಂಗಳು ಅಜ್ಜಿಗೆ ಹಣ ಕಳುಹಿಸುತ್ತಾರೆ. ಆ ಹಣ ನಮ್ಮ ರಾಷ್ಟ್ರೀಯ ಆದಾಯದಲ್ಲಿ ಸೇರುತ್ತದೆಯೇ? ತರಗತಿಯಲ್ಲಿ ಅರ್ಧ ಜನ ಹೌದು ಎಂದರು, ಅರ್ಧ ಜನ ಇಲ್ಲ ಎಂದರು.

ಉತ್ತರ: ನಿವೃತ್ತ ಉಪನ್ಯಾಸಕಿ, ಮಂಗಳೂರು

ಎರಡನೆಯದನ್ನು ಮೊದಲು ಹೇಳುತ್ತೇನೆ. ನಿನ್ನ ಮಾವನ ದುಡಿಮೆ ನಡೆಯುವುದು ಕುವೈತಿನ ಗಡಿಯೊಳಗೆ, ಹಾಗಾಗಿ ಅದು ಆ ದೇಶದ ಒಟ್ಟು ದೇಶೀಯ ಉತ್ಪನ್ನದಲ್ಲಿ ಸೇರುತ್ತದೆ, ನಮ್ಮದರಲ್ಲಿ ಅಲ್ಲ. ಇದರಲ್ಲಿ ವಿವಾದವಿಲ್ಲ. ಒಟ್ಟು ರಾಷ್ಟ್ರೀಯ ಉತ್ಪನ್ನಕ್ಕೆ ಬಂದಾಗ ತರಗತಿ ಎರಡು ಪಾಲಾದದ್ದು ಸಹಜ. ಭಾರತೀಯರು ಹೊರದೇಶದಲ್ಲಿ ಗಳಿಸಿದ್ದನ್ನು ಕೂಡಿಸಿಯೇ ಪಠ್ಯಪುಸ್ತಕ ಅದನ್ನು ವಿವರಿಸುತ್ತದೆ. ಪರೀಕ್ಷೆಯಲ್ಲಿ ಅದನ್ನೇ ಬರೆ. ದೇಶದ ಲೆಕ್ಕ ಇಡುವವರು ಮಾತ್ರ ಪಾಸ್‌ಪೋರ್ಟನ್ನು ನೋಡುವುದಿಲ್ಲ, ವಾಸವನ್ನು ನೋಡುತ್ತಾರೆ. ವರ್ಷಕ್ಕಿಂತ ಹೆಚ್ಚು ಕಾಲ ಅಲ್ಲಿಯೇ ನೆಲೆಸಿ ದುಡಿಯುವವರನ್ನು ಅಲ್ಲಿನ ನಿವಾಸಿಗಳೆಂದೇ ಪರಿಗಣಿಸುತ್ತಾರೆ, ಅವರು ಮನೆಗೆ ಕಳುಹಿಸುವ ಹಣವನ್ನು ಹೊರದೇಶದಿಂದ ಬಂದ ವರ್ಗಾವಣೆ ಎಂದು ಬರೆದುಕೊಳ್ಳುತ್ತಾರೆ. ಈ ವರ್ಗಾವಣೆ ಸೇರುವುದು ರಾಷ್ಟ್ರೀಯ ವಿನಿಯೋಗಾರ್ಹ ಆದಾಯದಲ್ಲಿ, ಅಂದರೆ ದೇಶದವರು ಖರ್ಚಿಗೂ ಉಳಿತಾಯಕ್ಕೂ ಬಳಸಬಹುದಾದ ಒಟ್ಟು ಆದಾಯದಲ್ಲಿ. ನಿನ್ನ ಅಜ್ಜಿ ಆ ಹಣದಿಂದ ಮನೆ ಕಟ್ಟಿಸಿದರೆ, ಕೆಂಪುಕಲ್ಲು ಕಡಿದವರ, ಗಾರೆಯವರ, ಬಡಗಿಯ ಕೆಲಸ ಇಲ್ಲಿ ನಡೆದ ಉತ್ಪಾದನೆ. ಅದು ನಮ್ಮ ದೇಶೀಯ ಉತ್ಪನ್ನದಲ್ಲಿ ಪೂರ್ತಿಯಾಗಿ ಬರುತ್ತದೆ. ಹಣ ಬಂದದ್ದು ಒಂದು ಸಂಗತಿ, ಕೆಲಸ ನಡೆದದ್ದು ಇನ್ನೊಂದು. ಇಲ್ಲಿಯೂ ಅವೆರಡನ್ನು ಬೇರೆ ಮಾಡಿ ಕೇಳಿಕೋ.

ಈಗ ನಿನ್ನ ಚಿತ್ರ. ಕೋಳಿಯದ್ದು ಸರಿಯಾಗಿದೆ. ಬಂಗುಡೆಯದ್ದರಲ್ಲಿ ಒಂದು ತಿದ್ದುಪಡಿ ಬೇಕು. ಜೂನ್, ಜುಲೈ ತಿಂಗಳಲ್ಲಿ ನಿಮ್ಮ ಮಾರುಕಟ್ಟೆಗೆ ಮೀನು ಬರುವುದೇ ಇಲ್ಲವೇ? ನಿಷೇಧ ಯಾಂತ್ರಿಕ ದೋಣಿಗಳಿಗೆ. ಕಡಲು ಬಿಟ್ಟುಕೊಟ್ಟ ದಿನಗಳಲ್ಲಿ ನಾಡದೋಣಿಯವರು ಹೋಗುತ್ತಾರೆ. ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ ಇರುವುದರಿಂದ, ಜೂನ್ ಮಧ್ಯದ ಮೇಲೆ ಆ ಕಡೆಯ ಮೀನು ಐಸ್ ಹಾಕಿದ ಲಾರಿಗಳಲ್ಲಿ ನಮ್ಮ ಕಡೆ ಬರಲು ಸಾಧ್ಯವಾಗುತ್ತದೆ. ಪೂರೈಕೆ ಸೊನ್ನೆಯಾಗಿದ್ದರೆ ಬೆಲೆ ಎಂಬುದೇ ಇರುತ್ತಿರಲಿಲ್ಲ, ನಿನ್ನ ಅಮ್ಮನ ಬುಟ್ಟಿಯೂ ಎರಡು ತಿಂಗಳು ಖಾಲಿ ಇರುತ್ತಿತ್ತು. ಆ ರೇಖೆಯನ್ನು ಲಂಬ ಅಕ್ಷದಿಂದ ಬಿಡಿಸಿ, ಆಗಸ್ಟಿನ ರೇಖೆಯ ಎಡಕ್ಕೆ, ಬೇಡಿಕೆ ರೇಖೆಯನ್ನು ಮೇಲ್ಗಡೆ ಕತ್ತರಿಸುವಂತೆ ಬಿಡಿಸು. ಎರಡು ಛೇದನ ಬಿಂದುಗಳಿಂದಲೂ ಎರಡು ಅಕ್ಷಗಳಿಗೆ ಚುಕ್ಕಿಗೆರೆ ಇಳಿಸಿ, ಬೆಲೆ ಮತ್ತು ಪ್ರಮಾಣಗಳನ್ನು ಗುರುತಿಸಿ, ನಾಳೆ ಮತ್ತೊಮ್ಮೆ ಇಲ್ಲಿ ಹಾಕು, ನೋಡುತ್ತೇನೆ.